ಆರ್ಕಿಡ್ ಎಲೆ ಬುಡದಲ್ಲಿ ಕೊಳೆಯುತ್ತಿದೆ, ಉಳಿದ ಎಲೆಗಳು ಬಾಡಿವೆ: ನೀರು ಹೆಚ್ಚಿಸಬೇಕೇ, ಕಡಿಮೆ ಮಾಡಬೇಕೇ?

ನೀವು ಬರೆದಿರುವುದು ಇಷ್ಟು: ಮನೆಯೊಳಗಿಟ್ಟ ಫಲೆನಾಪ್ಸಿಸ್ ಆರ್ಕಿಡ್, ಅಡಿಯ ಎಲೆಯ ಬುಡದಲ್ಲಿ ನೀರು ಕೂತಂತಹ ಕಂದು ಮಚ್ಚೆ, ಅದು ದಿನದಿಂದ ದಿನಕ್ಕೆ ಹರಡುತ್ತಿದೆ. ಮೇಲಿನ ಎಲೆಗಳು ಮೆತ್ತಗಾಗಿ ಸುಕ್ಕುಗಟ್ಟಿವೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತಿದ್ದವರು, ಎಲೆ ಬಾಡಿದ್ದು ಕಂಡು ಈಗ ದಿನಾ ಹಾಕುತ್ತಿದ್ದೀರಿ. ಗಿಡ ಉಳಿಯುತ್ತದೆಯೇ ಎಂದು ಕೇಳಿದ್ದೀರಿ.

ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ, ಸುಳಿ ಗಟ್ಟಿಯಾಗಿದ್ದರೆ. ಆದರೆ ದಿನಾ ನೀರು ಹಾಕುವುದನ್ನು ಇವತ್ತೇ ನಿಲ್ಲಿಸಿ, ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ. ಬೇರು ನೋಡದೆ ನೀರು ಹೆಚ್ಚು ಮಾಡಿ ಅಥವಾ ಕಡಿಮೆ ಮಾಡಿ ಎಂದು ಯಾರು ಹೇಳಿದರೂ ಅದು ಊಹೆಯೇ.

ಬಾಡಿದ ಎಲೆ ಕಂಡರೆ ಕೈ ತಾನಾಗಿ ನೀರಿನ ಕಡೆಗೆ ಹೋಗುತ್ತದೆ. ಆರ್ಕಿಡ್‌ಗಳು ಹೆಚ್ಚಾಗಿ ಸಾಯುವುದೇ ಇಲ್ಲಿ. ಎಲೆ ಸುಕ್ಕಾಗಿದೆ ಎಂದರೆ ಎಲೆಯವರೆಗೆ ನೀರು ತಲುಪುತ್ತಿಲ್ಲ, ಅಷ್ಟೇ. ಕುಂಡದಲ್ಲಿ ನೀರೇ ಇಲ್ಲದಿರಬಹುದು. ಇಲ್ಲವೇ ಕುಂಡದ ತುಂಬ ತೇವವಿದ್ದೂ ಅದನ್ನು ಮೇಲಕ್ಕೆ ಕಳಿಸಬೇಕಾದ ಬೇರುಗಳು ಕೊಳೆತು ಹೋಗಿರಬಹುದು. ಎಲೆ ಎರಡರಲ್ಲೂ ಒಂದೇ ಥರ ಕಾಣುತ್ತದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ನನಗೆ ಎರಡನೆಯದರ ಮೇಲೇ ಅನುಮಾನ.

ಈ ಗಿಡ ಕಾಡಿನಲ್ಲಿ ಮಣ್ಣಿನಲ್ಲಿ ಬೆಳೆಯುವುದಿಲ್ಲ. ಮರದ ಕಾಂಡಕ್ಕೋ ಕೊಂಬೆಗೋ ಬೇರು ಅಂಟಿಸಿಕೊಂಡು ಗಾಳಿಯಲ್ಲಿ ಬದುಕುತ್ತದೆ. ಬೇರಿನ ಮೇಲೆ ವೆಲಮೆನ್ ಎಂಬ ಬಿಳಿ ಹೊದಿಕೆಯಿರುತ್ತದೆ, ಸತ್ತ ಜೀವಕೋಶಗಳ ಪದರ. ಮಳೆ ಬಿದ್ದೊಡನೆ ಅದು ಸ್ಪಂಜಿನಂತೆ ನೀರು ಹೀರಿ ಒಳಗಿನ ಜೀವಂತ ಎಳೆಗೆ ಕೊಡುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ನೆನೆಯುವುದು, ಒಣಗುವುದು, ಈ ಎರಡೂ ಅದಕ್ಕೆ ಬೇಕು. ಒಣಗುವ ಸರದಿಯೇ ಬಾರದಿದ್ದರೆ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಆಗಾಗ ನೀರು ಹಾಕಿದರೆ ಆಗುವುದೂ ಇದೇ: ಮೇಲ್ಭಾಗ ಒಣಗಿದಂತೆ ಕಾಣುತ್ತದೆ, ನಡುವೆ ಸದಾ ಒದ್ದೆ.

ಮೊದಲು ಎಲೆಯ ವಿಷಯ, ಏಕೆಂದರೆ ಅದು ಕಾಯುವುದಿಲ್ಲ. ಎಲ್ಲ ಮಚ್ಚೆಯೂ ಕೊಳೆ ರೋಗವಲ್ಲ. ತೀರಾ ಅಡಿಯ ಒಂದು ಎಲೆ ನಿಧಾನವಾಗಿ, ಪೂರ್ತಿಯಾಗಿ ಹಳದಿಯಾಗಿ ಒಣಗಿದರೆ ಅದು ವಯಸ್ಸಾದ ಎಲೆ, ಬಿಟ್ಟುಬಿಡಿ. ಬಿಸಿಲು ಬೀಳುವ ಜಾಗದಲ್ಲಿ ಒಣಗಿದ, ತೆಳ್ಳಗಾದ ಬಿಳಿ ಅಥವಾ ಕಂದು ಕಲೆ ಬಂದು ಅಷ್ಟಕ್ಕೇ ನಿಂತರೆ ಅದು ಬಿಸಿಲಿಗೆ ಸುಟ್ಟದ್ದು. ಕೊಳೆಯ ಗುರುತು ಬೇರೆ: ಮುಟ್ಟಿದರೆ ಮೆತ್ತಗೆ, ಒದ್ದೆ, ಅಂಚಿನಲ್ಲಿ ಹಲವು ಸಲ ಹಳದಿ ಗೆರೆ, ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಕೆಟ್ಟ ವಾಸನೆ. ಅನುಮಾನವಿದ್ದರೆ ಮಚ್ಚೆಯ ಅಂಚಿನುದ್ದಕ್ಕೂ ಪೆನ್ನಿನಿಂದ ಗೆರೆ ಎಳೆದಿಡಿ; ಮರುದಿನ ಗೆರೆ ದಾಟಿದ್ದರೆ ಅನುಮಾನ ಮುಗಿಯಿತು. ನಿಮ್ಮದು ಹರಡುತ್ತಿದೆ ಎಂದು ನೀವೇ ಹೇಳಿದ್ದೀರಿ, ಹಾಗಾಗಿ ಗೆರೆ ಎಳೆದು ಕಾಯುವ ಅಗತ್ಯವಿಲ್ಲ.

ಮಚ್ಚೆ ಎಲೆಯ ತುದಿಯಲ್ಲಿದ್ದಿದ್ದರೆ, ಅದರಿಂದ ಒಂದೆರಡು ಸೆಂಟಿಮೀಟರ್ ಒಳಗೆ, ಹಸಿರು ಭಾಗದಲ್ಲೇ ಕತ್ತರಿಸಿ ಅಂತ ಹೇಳುತ್ತಿದ್ದೆ. ನಿಮ್ಮದು ಬುಡದಲ್ಲಿದೆ, ಆದ್ದರಿಂದ ಇಡೀ ಎಲೆ ಹೋಗಬೇಕು. ತುದಿಯಿಂದ ನಡುನರದ ಗುಂಟ ಬ್ಲೇಡಿನಿಂದ ಎರಡಾಗಿ ಸೀಳಿಕೊಂಡು ಬನ್ನಿ, ಬುಡದ ಹತ್ತಿರ ಬಂದ ಮೇಲೆ ಎರಡು ಪಾಲನ್ನೂ ಆಚೆಗೊಂದು ಈಚೆಗೊಂದು ನಿಧಾನವಾಗಿ ಎಳೆಯಿರಿ. ಎಲೆ ಕಾಂಡದಿಂದ ಸ್ವಚ್ಛವಾಗಿ ಬಿಟ್ಟುಕೊಳ್ಳುತ್ತದೆ, ಕಾಂಡಕ್ಕೆ ಗಾಯವಾಗುವುದಿಲ್ಲ. ಬ್ಲೇಡನ್ನು ಮೊದಲೂ, ಪ್ರತಿ ಕತ್ತರಿಕೆಯ ನಡುವೆಯೂ ಸ್ಪಿರಿಟ್ಟಿನಲ್ಲಿ ಒರೆಸಿ. ಇದರಲ್ಲಿ ಸೋಮಾರಿತನ ಬೇಡ. ರೋಗವನ್ನು ಒಳ್ಳೆಯ ಭಾಗಕ್ಕೆ ಹೊತ್ತೊಯ್ಯುವುದು ನಮ್ಮ ಬ್ಲೇಡೇ. ಗಾಯದ ಮೇಲೆ ಚಿಟಿಕೆ ಚಕ್ಕೆ ಪುಡಿ ಉದುರಿಸಬಹುದು, ಅದು ಗಾಯವನ್ನು ಒಣಗಿಸುತ್ತದೆ. ಅದೇ ಕಾರಣಕ್ಕೆ ಆ ಪುಡಿ ಬೇರಿಗೆ ತಾಕಬಾರದು, ಒಳ್ಳೆಯ ಬೇರನ್ನೂ ಒಣಗಿಸಿಬಿಡುತ್ತದೆ.

ಎಲೆ ತೆಗೆದ ಮೇಲೆ ಸುಳಿ ನೋಡಿ, ಅಂದರೆ ಹೊಸ ಎಲೆ ಹುಟ್ಟುವ ನಡುಭಾಗ. ಫಲೆನಾಪ್ಸಿಸ್‌ಗೆ ಬೆಳೆಯುವ ತುದಿ ಅದೊಂದೇ. ಡೆಂಡ್ರೋಬಿಯಂ, ಕ್ಯಾಟ್ಲಿಯಾದಂಥ ಬೇರೆ ಆರ್ಕಿಡ್‌ಗಳಲ್ಲಿ ಒಂದು ಚಿಗುರು ಹೋದರೂ ಬುಡದಿಂದ ಮತ್ತೊಂದು ಬರುತ್ತದೆ; ಇದಕ್ಕೆ ಆ ಅನುಕೂಲ ಕಡಿಮೆ. ಕಾಡಿನಲ್ಲಿ ಈ ಗಿಡ ಮರದಿಂದ ಓರೆಯಾಗಿ, ಎಲೆ ಕೆಳಗೆ ಜೋತುಬೀಳುವಂತೆ ಬೆಳೆಯುತ್ತದೆ, ಸುಳಿಯಲ್ಲಿ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ. ನಾವು ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಯುತ್ತೇವೆ, ಅದು ರಾತ್ರಿಯೆಲ್ಲ ಅಲ್ಲೇ ನಿಂತು ಸುಳಿ ಕೊಳೆಯುತ್ತದೆ. ನಡುವಿನ ಎಲೆಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿ ನಿಂತಿದ್ದರೆ ಒಳ್ಳೆಯದು. ಕೈಗೇ ಬಂದು, ಬುಡ ಕಂದಾಗಿ ಲೋಳೆಯಾಗಿದ್ದರೆ ಸುಳಿ ಹೋಯಿತೆಂದೇ ಲೆಕ್ಕ. ಆಗಲೂ ಬೇರು, ಉಳಿದ ಎಲೆ ಚೆನ್ನಾಗಿದ್ದರೆ ಎಸೆಯಬೇಡಿ. ಕೆಲವು ಗಿಡಗಳು ತಿಂಗಳುಗಳ ನಂತರ ಬುಡದಲ್ಲಿ ಮರಿ ಹಾಕುತ್ತವೆ. ಎಲ್ಲವೂ ಹಾಕುವುದಿಲ್ಲ, ಆದರೂ ಕಾದು ನೋಡಬಹುದು.

ಈಗ ಬೇರು. ಕುಂಡದಿಂದ ಗಿಡ ತೆಗೆದು, ಮಣ್ಣಿನ ಬದಲು ತುಂಬಿರುವ ಹಳೆಯ ಮರದ ತೊಗಟೆ ಚೂರುಗಳನ್ನೆಲ್ಲ ಬಿಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಬೇರು ತೊಳೆಯಿರಿ. ಕಣ್ಣಿಗಿಂತ ಬೆರಳನ್ನು ನಂಬಿ. ಒಂದೊಂದು ಬೇರನ್ನೂ ಎರಡು ಬೆರಳ ನಡುವೆ ಹಿಡಿದು ಒತ್ತಿ. ಬದುಕಿರುವ ಬೇರು ಗಟ್ಟಿಯಾಗಿರುತ್ತದೆ. ಕುಂಡದೊಳಗೆ ಬೆಳಕು ಕಾಣದೆ ಹಳದಿಯಾಗಿದ್ದರೂ ಚಿಂತೆಯಿಲ್ಲ. ಸತ್ತ ಬೇರು ಒತ್ತಿದೊಡನೆ ಚಪ್ಪಟೆಯಾಗಿ ನೀರು ಬಿಡುತ್ತದೆ, ಎಳೆದರೆ ಹೊರಗಿನ ಹೊದಿಕೆ ಜಾರಿ ಕೈಗೆ ಬಂದು ಒಳಗಿನ ಸಣ್ಣ ಎಳೆಯೊಂದೇ ಉಳಿಯುತ್ತದೆ. ಮೆತ್ತಗಾದದ್ದನ್ನೆಲ್ಲ ಕತ್ತರಿಸಿ, ಗಟ್ಟಿಯಾದದ್ದರಲ್ಲಿ ಒಂದನ್ನೂ ಮುಟ್ಟಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಎಂದು ಹಲವರು ಹೇಳುತ್ತಾರೆ. ನಾನು ಬೇರಿಗೆ ಹಾಕುವುದಿಲ್ಲ. ಅದು ಕೊಳೆತದ್ದನ್ನು ಮಾತ್ರ ಹುಡುಕಿ ಸುಡುವುದಿಲ್ಲ, ಜೀವವಿರುವುದನ್ನೂ ಸುಡುತ್ತದೆ.

ಬೇರುಗಳೆಲ್ಲ ಗಟ್ಟಿಯಾಗಿದ್ದು ಒಣಗಿ ಬೆಳ್ಳಗಿದ್ದರೆ ನನ್ನ ಊಹೆ ತಪ್ಪು, ಗಿಡಕ್ಕೆ ನಿಜವಾಗಿಯೂ ಬಾಯಾರಿದೆ. ಮತ್ತೆ ಕುಂಡದಲ್ಲಿ ನೆಟ್ಟು, ಕುಂಡದ ಸಮೇತ ಅರ್ಧ ಗಂಟೆ ನೀರಿನಲ್ಲಿಟ್ಟು, ಸುಳಿ ಮುಳುಗದಂತೆ ನೋಡಿಕೊಂಡು, ಪೂರ್ತಿ ಬಸಿಯಲು ಬಿಡಿ.

ಬೇರು ಕತ್ತರಿಸಬೇಕಾಗಿ ಬಂದರೆ ಗಿಡವನ್ನು ಒಂದು ದಿನ ನೆರಳಿನಲ್ಲಿ ಹಾಗೇ ಬಿಡಿ, ಗಾಯ ಒಣಗಲಿ. ಆಮೇಲೆ ಹೊಸ ತೊಗಟೆ ಚೂರುಗಳಲ್ಲಿ ನೆಡಿ, ಹಳೆಯದನ್ನು ಮತ್ತೆ ಬಳಸಬೇಡಿ. ತೊಗಟೆ ಒಂದೆರಡು ವರ್ಷಕ್ಕೆ ಪುಡಿಯಾಗಿ ಮಣ್ಣಿನ ಹಾಗೆ ಒತ್ತಿಕೊಳ್ಳುತ್ತದೆ, ಅಲ್ಲಿಗೆ ಗಾಳಿಯಾಡುವುದು ನಿಲ್ಲುತ್ತದೆ. ಕುಂಡ ಉಳಿದ ಬೇರುಗಳು ಹಿಡಿಯುವಷ್ಟೇ ದೊಡ್ಡದಿರಲಿ. ಉಳಿದಿರುವ ನಾಲ್ಕು ಬೇರಿಗೆ ದೊಡ್ಡ ಕುಂಡ ಕೊಟ್ಟರೆ ಅದು ವಾರವಾದರೂ ಒಣಗದು. ಹೂವಿನ ದಂಟು ಇದ್ದರೆ, ಬೇರು ಬಹುಪಾಲು ಹೋಗಿದ್ದರೆ, ಅದನ್ನು ಕತ್ತರಿಸಿ ಹೂದಾನಿಯಲ್ಲಿಡಿ. ಮನಸ್ಸು ಬರುವುದಿಲ್ಲ ಎಂದು ಗೊತ್ತು, ಆದರೆ ಬೇರಿಲ್ಲದ ಗಿಡ ಹೂವನ್ನು ತನ್ನ ಎಲೆಗಳಲ್ಲಿರುವ ನೀರಿನಿಂದ ಸಾಕುತ್ತಿರುತ್ತದೆ. ಹೊಸ ಬೇರು ಕಾಣುವವರೆಗೆ ಗೊಬ್ಬರ ಬೇಡ.

ಮುಂದೆ ನೀರು ಯಾವಾಗ? ವಾರಕ್ಕೊಮ್ಮೆ ಎಂದು ಹೇಳಿಬಿಡಬಹುದು, ಆದರೆ ಕುಂಡದ ಗಾತ್ರ, ಸೆಕೆ, ಗಾಳಿ, ಬೆಳಕು ಎಲ್ಲವೂ ಅದನ್ನು ಬದಲಿಸುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡ ತಂದರೆ ಈ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿಯುತ್ತದೆ. ಬೇರು ಹಸಿರಾಗಿದ್ದರೆ ಇನ್ನೂ ನೀರುಂಡಿದೆ, ಕುಂಡದ ಒಳಗೋಡೆಯಲ್ಲಿ ಹನಿಗಳಿದ್ದರೆ ಒಳಗೆ ತೇವವಿದೆ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿ, ಕುಂಡ ಎತ್ತಿದರೆ ಹಗುರವಾಗಿದ್ದರೆ ನೀರಿನ ಹೊತ್ತು. ಆಗ ಧಾರಾಳವಾಗಿ, ತಳದ ತೂತುಗಳಿಂದ ಹರಿದುಹೋಗುವಷ್ಟು ಹಾಕಿ, ಬೆಳಗಿನ ಹೊತ್ತು. ಎಲೆಯ ಕಂಕುಳಲ್ಲೋ ಸುಳಿಯಲ್ಲೋ ನೀರು ನಿಂತರೆ ಕಾಗದದ ತುದಿಯಿಂದ ಹೀರಿಸಿ ತೆಗೆಯಿರಿ. ಎಲೆಗೆ ತುಂತುರು ಹೊಡೆಯುವುದನ್ನಂತೂ ಈಗ ಪೂರ್ತಿ ಬಿಡಿ. ಅಂದದ ಹೊರಕುಂಡದೊಳಗೆ ಇಟ್ಟಿದ್ದರೆ ಅದರ ತಳ ನೋಡಿ. ಎಷ್ಟೋ ಸಲ ಎರಡು ಬೆರಳು ನೀರು ಅಲ್ಲಿ ಯಾರಿಗೂ ಕಾಣದೆ ನಿಂತಿರುತ್ತದೆ.

ಸುಕ್ಕಾದ ಎಲೆಗಳು ಮತ್ತೆ ಮೊದಲಿನಂತೆ ನಯವಾಗದಿರಬಹುದು, ಅದನ್ನು ನೋಡಿ ಧೈರ್ಯಗೆಡಬೇಡಿ. ಗಮನಿಸಬೇಕಾದದ್ದು ಬುಡದಲ್ಲಿ ಹಸಿರು ತುದಿಯ ಹೊಸ ಬೇರು ಬರುತ್ತದೆಯೇ ಎಂಬುದನ್ನು. ಅದಕ್ಕೆ ಕೆಲವು ವಾರಗಳಾದರೂ ಬೇಕು. ಅಲ್ಲಿಯವರೆಗೆ ನೇರ ಬಿಸಿಲಿಲ್ಲದ, ಗಾಳಿಯಾಡುವ ಬೆಳಕಿನ ಜಾಗದಲ್ಲಿಡಿ, ಬೇರೆ ಆರ್ಕಿಡ್‌ಗಳಿದ್ದರೆ ಇದನ್ನು ಅವುಗಳಿಂದ ದೂರವಿಡಿ. ಈ ಕೊಳೆ ನೀರಿನ ಸಿಡಿತದಲ್ಲೇ ಪಕ್ಕದ ಗಿಡಕ್ಕೆ ಹೋಗುತ್ತದೆ. ಬೇರು ತೊಳೆದ ಮೇಲೆ ಎಷ್ಟು ಗಟ್ಟಿ ಬೇರು ಉಳಿದವು, ಸುಳಿ ಹೇಗಿದೆ ಎಂದು ಬರೆಯಿರಿ. ಒಂದೂ ಉಳಿದಿಲ್ಲವಾದರೆ ಒದ್ದೆ ಪಾಚಿಯ (ನರ್ಸರಿಗಳಲ್ಲಿ ಸಿಗುವ ಸ್ಫ್ಯಾಗ್ನಮ್ ಮಾಸ್) ಮೇಲೆ ಮುಚ್ಚಿದ ಡಬ್ಬದಲ್ಲಿಟ್ಟು ಬೇರು ಬರಿಸುವ ಕ್ರಮ ಬೇರೆಯೇ ಇದೆ, ಅದನ್ನು ವಿವರವಾಗಿ ತಿಳಿಸುತ್ತೇನೆ.