ಹೊಟ್ಟೆಯ ಆಪರೇಷನ್ ಆದ ಮೇಲೆ ‘ಗ್ಯಾಸ್ ಹೋಯ್ತಾ?’ ಅಂತ ಡಾಕ್ಟರ್ ಯಾಕೆ ಕೇಳುತ್ತಾರೆ?

ಕರುಳು ಮತ್ತೆ ಕೆಲಸ ಶುರು ಮಾಡಿದೆಯಾ ಅಂತ ತಿಳಿಯಲು. ಗ್ಯಾಸ್ ಹೊರಗೆ ಬಂತು ಅಂದರೆ ಕರುಳು ಅದನ್ನು ಕೊನೆಯವರೆಗೂ ತಳ್ಳಿದೆ ಅಂತ ಅರ್ಥ ಅಲ್ವಾ?

ಕರುಳು ಸುಮ್ನೆ ಬಿದ್ದಿರುವ ಕೊಳವೆ ಅಲ್ಲ. ಅದರ ಗೋಡೆಯ ಸ್ನಾಯುಗಳು ಅಲೆ ಅಲೆಯಾಗಿ ಹಿಂಡುತ್ತಾ ಒಳಗಿರುವುದನ್ನು ಮುಂದಕ್ಕೆ ದೂಡುತ್ತವೆ. ಆಪರೇಷನ್ನಿನಲ್ಲಿ ಕರುಳನ್ನು ಮುಟ್ಟಿ ಸರಿಸಿದ್ದರಿಂದ, ನೋವಿಗೆ ಕೊಡುವ ಕೆಲವು ಔಷಧಿಗಳಿಂದ ಈ ಅಲೆ ಸ್ವಲ್ಪ ಕಾಲ ನಿಂತುಬಿಡುತ್ತದೆ. ದಾರಿ ತೆರೆದೇ ಇರುತ್ತದೆ, ತಳ್ಳುವ ಬಲ ಇರುವುದಿಲ್ಲ. ಇದನ್ನೇ ಇಲಿಯಸ್ ಅನ್ನುತ್ತಾರೆ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತದೆ. ದೊಡ್ಡ ಕರುಳಿಗೆ 2-3 ದಿನ ಬೇಕು. ಗ್ಯಾಸ್ ತಡವಾಗಿ ಹೋಗುವುದು ಅದಕ್ಕೇ.

ಕರುಳು ಕಟ್ಟಿಕೊಳ್ಳುವುದು ಬೇರೆ. ಹಳೇ ಆಪರೇಷನ್ ಮಾಗುವಾಗ ಒಳಗೆ ಬೆಳೆದ ಅಂಟು ಪಟ್ಟಿಯೋ, ಹರ್ನಿಯಾವೋ, ಗಡ್ಡೆಯೋ ದಾರಿಯನ್ನೇ ಮುಚ್ಚಿರುತ್ತದೆ. ಒಳಗಿರುವುದನ್ನು ಆ ಅಡ್ಡಿ ದಾಟಿಸಲು ಕರುಳು ಜೋರಾಗಿ ಹಿಂಡುತ್ತದೆ. ಹಾಗಾಗಿ ನೋವು ಹಿಡಿದು ಹಿಡಿದು ಬಿಡುತ್ತದೆ.

ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ದಯವಿಟ್ಟು ಭೇದಿ ಆಗಲಿ ಅಂತ ಮಾತ್ರೆ ನುಂಗಿ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಕರುಳು ತಿರುಚಿಕೊಂಡು ರಕ್ತ ಹರಿಯುವುದು ನಿಂತರೆ ಆ ಭಾಗ ಕೆಲವೇ ಗಂಟೆಗಳಲ್ಲಿ ಸಾಯಬಹುದು.