ಓದುಗರ ಪ್ರಶ್ನೆ, ತಜ್ಞರ ಉತ್ತರ: ಅರಿವಳಿಕೆ ಯಂತ್ರದೊಳಗಿನ ರಸಾಯನ

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್ ತಂತ್ರಜ್ಞಾನದ ಡಿಪ್ಲೊಮಾ ಓದುತ್ತಿದ್ದೇನೆ. ಅರಿವಳಿಕೆ ಯಂತ್ರದ ಡಬ್ಬಿಯಲ್ಲಿರುವ ಬಿಳಿ ಹರಳುಗಳು ಶನಿವಾರ ಸಂಜೆ ನೇರಳೆಯಾಗಿದ್ದವು, ಸೋಮವಾರ ಬೆಳಿಗ್ಗೆ ನೋಡಿದರೆ ಮತ್ತೆ ಬೆಳ್ಳಗಿದ್ದವು. ಅವನ್ನು ಪುನಃ ಬಳಸಬಹುದೇ? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬಳಸಬಾರದು. ಬಣ್ಣ ಮರಳಿ ಬಿಳಿಯಾಯಿತೆಂದ ಮಾತ್ರಕ್ಕೆ ಹರಳಿನ ಶಕ್ತಿ ಮರಳಿತೆಂದು ತಿಳಿಯುವುದು ತಪ್ಪು.

ರೋಗಿ ಹೊರಬಿಟ್ಟ ಉಸಿರಿನಲ್ಲಿರುವ ಅರಿವಳಿಕೆ ಅನಿಲ, ಬಿಸಿ ಮತ್ತು ತೇವ ವ್ಯರ್ಥವಾಗದಿರಲೆಂದು ಈ ಯಂತ್ರ ಅದನ್ನು ಮತ್ತೆ ರೋಗಿಗೇ ಕೊಡುತ್ತದೆ. ಹಾಗೆ ಕೊಡುವ ಮೊದಲು ಇಂಗಾಲದ ಡೈಆಕ್ಸೈಡನ್ನು ತೆಗೆದುಹಾಕುವುದು ಸೋಡಾ ಲೈಮ್ ಎಂಬ ಈ ಹರಳುಗಳ ಕೆಲಸ. ಇದರಲ್ಲಿ ನೂರಕ್ಕೆ ಸುಮಾರು 80 ಭಾಗ ಅರಳಿದ ಸುಣ್ಣ, 15 ಭಾಗದಷ್ಟು ನೀರು ಮತ್ತು ಉಳಿದಂತೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತದೆ. ಗೋಡೆಗೆ ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಆದರೆ ಗೋಡೆಗೆ ದಿನಗಟ್ಟಲೆ ಪುರಸೊತ್ತಿದೆ, ರೋಗಿಗೆ ಇಲ್ಲ. ಆದ್ದರಿಂದ ಚುರುಕಾದ ಸೋಡಿಯಂ ಹೈಡ್ರಾಕ್ಸೈಡ್ ಮೊದಲು ಅನಿಲವನ್ನು ಹಿಡಿದು, ಬಳಿಕ ಸುಣ್ಣಕ್ಕೆ ದಾಟಿಸಿ, ತಾನು ಮತ್ತೆ ಮೊದಲಿನಂತಾಗುತ್ತದೆ. ಹರಳಿನ ಮೇಲ್ಮೈಯಲ್ಲಿ ಕ್ಷಾರ ಕಡಿಮೆಯಾದಾಗ ಈಥೈಲ್ ವಯೊಲೆಟ್ ಎಂಬ ಬಣ್ಣದ ಸೂಚಕ ನೇರಳೆಗೆ ತಿರುಗುತ್ತದೆ. ಯಂತ್ರ ಒಂದೆರಡು ದಿನ ಸುಮ್ಮನಿದ್ದರೆ ಒಳಗೆ ಉಳಿದ ಅಲ್ಪಸ್ವಲ್ಪ ಕ್ಷಾರ ಮೇಲ್ಮೈಗೆ ಬಂದು ಬಣ್ಣ ಅಳಿಸಿಹೋಗುತ್ತದೆ, ಆದರೆ ಮುಂದಿನ ಶಸ್ತ್ರಚಿಕಿತ್ಸೆ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಅದು ಮತ್ತೆ ನೇರಳೆಯಾಗುತ್ತದೆ. ಟ್ಯೂಬ್‌ಲೈಟಿನ ಬೆಳಕಿಗೂ ಈ ಬಣ್ಣ ಮಾಸುವುದುಂಟು. ಕಣ್ಣಿಗಿಂತ, ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫನ್ನು ನಂಬಬೇಕು: ಒಳಗೆಳೆದುಕೊಳ್ಳುವ ಉಸಿರಿನಲ್ಲಿಯೂ ಇಂಗಾಲದ ಡೈಆಕ್ಸೈಡ್ ಕಾಣಿಸಿಕೊಂಡರೆ ಹರಳು ಮುಗಿದಿರುವ ಸಂಭವ ಹೆಚ್ಚು.

ಸೋಮವಾರ ಬೆಳಿಗ್ಗೆಗೆ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಶನಿವಾರ ಯಾರೋ ಆಮ್ಲಜನಕವನ್ನು ಬಂದ್ ಮಾಡಲು ಮರೆತಿದ್ದರೆ, ಎರಡು ದಿನ ಒಣ ಅನಿಲ ಹರಿದು ಹರಳಿನ ನೀರೆಲ್ಲ ಆರಿಹೋಗುತ್ತದೆ. ಒಣಗಿದ ಪ್ರಬಲ ಕ್ಷಾರದ ಮೇಲೆ ಡೆಸ್‌ಫ್ಲುರೇನ್ ಅಥವಾ ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲ ಹಾಯ್ದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸಾಮಾನ್ಯ ಪಲ್ಸ್ ಆಕ್ಸಿಮೀಟರ್‌ಗೆ ಆ ವಿಷ ಸೇರಿದ ರಕ್ತವೂ ಆಮ್ಲಜನಕ ತುಂಬಿದ ರಕ್ತವೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ ಪರದೆಯ ಅಂಕಿ ಚೆನ್ನಾಗಿಯೇ ಇರುತ್ತದೆ. ಸೆವೊಫ್ಲುರೇನ್ ಎಂಬ ಇನ್ನೊಂದು ಅರಿವಳಿಕೆ ಅನಿಲ ಒಣ ಹರಳಿನೊಡನೆ ವರ್ತಿಸಿ ಡಬ್ಬಿ ವಿಪರೀತ ಬಿಸಿಯಾದ, ಬೆಂಕಿಯೇ ಹೊತ್ತಿದ ಪ್ರಕರಣಗಳೂ ವರದಿಯಾದವು. ಇಂಥ ಪ್ರಕರಣಗಳ ಬಳಿಕ, ಬೇರಿಯಂ ಬೆರೆತ ಬಾರಾಲೈಮ್ ಎಂಬ ಹರಳು ಮಾರುಕಟ್ಟೆಯಿಂದ ಹೊರಟುಹೋಯಿತು. ಪ್ರಬಲ ಕ್ಷಾರವನ್ನೇ ಕೈಬಿಟ್ಟು, ತೇವ ಹಿಡಿದಿಡಲು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದ ಹರಳುಗಳು ಈಗ ಸಿಗುತ್ತವೆ. ಅವು ಹೀರುವುದು ತುಸು ಕಡಿಮೆ, ಬೆಲೆಯೂ ಹೆಚ್ಚು, ಆದರೂ ನನ್ನ ಮತ ಅವುಗಳ ಕಡೆಗೇ. ಯಾವ ಹರಳು ಬಳಸಿದರೂ ಒಣಗಿರಬಹುದೆಂಬ ಸಂಶಯ ಬಂದ ಕೂಡಲೇ ಡಬ್ಬಿ ಖಾಲಿ ಮಾಡಿ ಹೊಸದನ್ನು ತುಂಬಿ. ತುಂಬಿದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆದಿಡಿ.

ಪ್ರಶ್ನೆ: ಈಗಲೂ ಕ್ಲೋರೋಫಾರ್ಮ್ ಬಳಸುತ್ತಾರೆಯೇ? (ಓದುಗರು, ಶಿರಸಿ)

ಉತ್ತರ: ಇಲ್ಲ. (ಸಿನಿಮಾದಲ್ಲಿ ಕರವಸ್ತ್ರ ಮೂಗಿಗೆ ಹಿಡಿದ ಕ್ಷಣದಲ್ಲೇ ಮನುಷ್ಯ ಬೀಳುವುದೂ ಕಟ್ಟುಕತೆ, ಅದಕ್ಕೆ ಹಲವು ನಿಮಿಷ ಬೇಕು.) 1846ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಬಹಿರಂಗವಾಗಿ ತೋರಿಸಿದ ಈಥರ್ ಬೇಗ ಬೆಂಕಿ ಹಿಡಿಯುತ್ತಿತ್ತು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಬಳಕೆಗೆ ತಂದ ಕ್ಲೋರೋಫಾರ್ಮ್‌ನಿಂದ ಕೆಲವರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಆ ಸಾವು ಹೃದಯ ನಿಂತದ್ದರಿಂದಲೋ ಉಸಿರು ನಿಂತದ್ದರಿಂದಲೋ ಎಂಬ ವಾದವನ್ನು ತೀರ್ಮಾನಿಸಲು 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ಹೈದರಾಬಾದಿನಲ್ಲಿ ಶಸ್ತ್ರವೈದ್ಯ ಎಡ್ವರ್ಡ್ ಲಾರಿಯವರ ಮುಂದಾಳತ್ವದಲ್ಲಿ ಎರಡು ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರನ್ನು ಗಮನಿಸಿದರೆ ಸಾಕು ಎಂದವು. 1911ರಲ್ಲಿ ವೈದ್ಯ ಗುಡ್‌ಮನ್ ಲೆವಿ ಹೃದಯವೇ ಲಯತಪ್ಪಿ ನಿಲ್ಲಬಲ್ಲದೆಂದು ತೋರಿಸಿದ ಮೇಲೆ ಆ ತೀರ್ಮಾನ ಉಳಿಯಲಿಲ್ಲ.

ದಾರಿ ತೋರಿಸಿದ್ದು ಫ್ಲೋರಿನ್. ಇಂಗಾಲ ಮತ್ತು ಫ್ಲೋರಿನ್ನಿನ ಬಂಧ ಬಹಳ ಗಟ್ಟಿಯಾದ್ದರಿಂದ ಅಂಥ ಅಣು ಸುಲಭವಾಗಿ ಉರಿಯುವುದಿಲ್ಲ, ದೇಹದಲ್ಲಿ ಒಡೆಯುವುದೂ ಕಡಿಮೆ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಚಾರ್ಲ್ಸ್ ಸಕ್ಲಿಂಗ್ 1951ರಲ್ಲಿ ಫ್ಲೋರಿನ್ ಇರುವ ಹ್ಯಾಲೊಥೇನ್ ಎಂಬ ಅರಿವಳಿಕೆಯನ್ನು ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಜಾನ್‌ಸ್ಟನ್ ಅದನ್ನು ರೋಗಿಗಳಿಗೆ ಕೊಟ್ಟರು. ಬೆಂಕಿಯ ಭಯ ತಗ್ಗಿದ್ದರಿಂದ, ರಕ್ತನಾಳಗಳನ್ನು ವಿದ್ಯುತ್ತಿನಿಂದ ಸುಟ್ಟು ಮುಚ್ಚುವ ಉಪಕರಣವನ್ನು ಶಸ್ತ್ರವೈದ್ಯರು ಧೈರ್ಯವಾಗಿ ಬಳಸುವಂತಾಯಿತು. ಆದರೆ ಹ್ಯಾಲೊಥೇನಿನ ಐದರಲ್ಲಿ ಒಂದು ಭಾಗದಷ್ಟು ಯಕೃತ್ತಿನಲ್ಲಿ ಒಡೆಯುತ್ತಿತ್ತು ಮತ್ತು ಅಪರೂಪಕ್ಕೆ ಕೆಲವರಿಗೆ ತೀವ್ರ ಯಕೃತ್ತಿನ ಉರಿಯೂತ ತರುತ್ತಿತ್ತು. ಹ್ಯಾಲೊಜನ್‌ಗಳ (ಫ್ಲೋರಿನ್, ಕ್ಲೋರಿನ್, ಬ್ರೋಮಿನ್ ಮುಂತಾದವುಗಳ) ಪೈಕಿ ಫ್ಲೋರಿನ್ ಒಂದನ್ನೇ ಉಳಿಸಿಕೊಂಡ ಡೆಸ್‌ಫ್ಲುರೇನ್ ದೇಹದಲ್ಲಿ ಒಡೆಯುವುದು ನೂರಕ್ಕೆ ಕೇವಲ 0.02 ಭಾಗ.

ಪ್ರಶ್ನೆ: ಅರಿವಳಿಕೆ ಅನಿಲ ಭೂಮಿಯನ್ನು ಬಿಸಿ ಮಾಡುತ್ತದೆಯೆಂದು ಯುರೋಪಿನಲ್ಲಿ ನಿಷೇಧಿಸಿದ್ದಾರಂತೆ, ನಿಜವೇ? (ಶಿಕ್ಷಕರು, ವಿಜಯಪುರ)

ಉತ್ತರ: ಈಗಷ್ಟೇ ಹೆಸರಿಸಿದ ಡೆಸ್‌ಫ್ಲುರೇನ್ ಮಟ್ಟಿಗೆ ನಿಜ. ದೇಹದಲ್ಲಿ ಒಡೆಯದ್ದು ಗಾಳಿಯಲ್ಲಿಯೂ ಬೇಗ ಒಡೆಯುವುದಿಲ್ಲ: ಅದು ವಾತಾವರಣದಲ್ಲಿ ಹದಿನಾಲ್ಕು ವರ್ಷದಷ್ಟು ಕಾಲ ಉಳಿದು, ನೂರು ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಸ್ಕಾಟ್ಲೆಂಡ್ 2023ರಲ್ಲಿ ಅದನ್ನು ಕೈಬಿಟ್ಟಿತು. ಯುರೋಪಿಯನ್ ಒಕ್ಕೂಟ 2026ರ ಜನವರಿ 1ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭ ಬಿಟ್ಟು, ನಿಷೇಧಿಸಿದೆ. ಸೆವೊಫ್ಲುರೇನಿನ ಪ್ರಭಾವ ಅದಕ್ಕಿಂತ ಬಹಳ ಕಡಿಮೆ. ಅನಿಲದ ಹರಿವನ್ನು ತಗ್ಗಿಸಿ ಉಸಿರನ್ನು ಮರುಬಳಸಿದರೆ ಹೊರಹೋಗುವುದು ಇನ್ನಷ್ಟು ಕಡಿಮೆಯಾಗುತ್ತದೆ, ಆಸ್ಪತ್ರೆಯ ಖರ್ಚೂ ಉಳಿಯುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಮರುದಿನ ಹೊಟ್ಟೆಗಿಂತ ಭುಜವೇ ನೋಯುತ್ತಿದೆ ಎಂದರು. ಏಕೆ? (ಓದುಗರು, ಮಂಡ್ಯ)

ಉತ್ತರ: ಒಳಗೆ ಕ್ಯಾಮೆರಾ ಆಡಲು ಜಾಗ ಬೇಕೆಂದು ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ಉರಿಯುವುದಿಲ್ಲ, ರಕ್ತದಲ್ಲಿ ಚೆನ್ನಾಗಿ ಕರಗಿ ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಗಾಳಿಯನ್ನೇ ತುಂಬಿ ಅದು ರಕ್ತನಾಳಕ್ಕೆ ನುಗ್ಗಿದರೆ ಗುಳ್ಳೆ ಕರಗದೆ ಪ್ರಾಣಕ್ಕೆ ಕುತ್ತಾಗಬಹುದು. ಅನಿಲ ತುಂಬಿದ್ದರಿಂದ ಹಿಗ್ಗಿದ, ಉಳಿದ ಅನಿಲ ತಾಗಿದ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯ) ನೋವನ್ನು ಭುಜದ ನರಗಳೊಡನೆ ಒಂದೇ ಮೂಲ ಹಂಚಿಕೊಂಡ ನರವೇ ಒಯ್ಯುವುದರಿಂದ ಮಿದುಳು ಅದನ್ನು ಭುಜದ ನೋವೆಂದು ಗ್ರಹಿಸುತ್ತದೆ. ಸಾಮಾನ್ಯವಾಗಿ ಇದು ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಅದರೊಡನೆ ಜ್ವರ, ಉಸಿರಾಟದ ತೊಂದರೆ, ಎದೆನೋವು ಅಥವಾ ಹೊಟ್ಟೆಯ ಹೆಚ್ಚುತ್ತಿರುವ ನೋವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.