ಕಂಪ್ಯೂಟರ್ ಕೇಳಿ-ಹೇಳಿ: ಹಳೇ ಕರ್ನಲ್ ಇನ್ನೂ ಅಲ್ಲೇ ಇದೆ

ಪ್ರಶ್ನೆ: ಮೇಡಂ, ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದು ಸಣ್ಣ ರೀಲಿಂಗ್ ಘಟಕ. ಗೂಡು ತಂದಿದ್ದು, ರೇಷ್ಮೆ ಮಾರಿದ್ದು, ಕೂಲಿ ಕೊಟ್ಟಿದ್ದು ಎಲ್ಲಾ ಲೆಕ್ಕ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿದೆ. ಲಿನಕ್ಸ್ ಮಿಂಟ್ 21, ಎನ್‌ವಿಡಿಯಾ ಜಿಟಿ 710 ಕಾರ್ಡ್. ಹೊಸ ಕರ್ನಲ್ ಹಾಕಿದರೆ ಸ್ಪೀಡ್ ಆಗುತ್ತೆ ಅಂತ ಮಗ ಯಾವುದೋ ವಿಡಿಯೋ ನೋಡಿ, ಎಲ್ಲಕ್ಕಿಂತ ಹೊಸದನ್ನು ಇಂಟರ್‌ನೆಟ್‌ನಿಂದ ಇಳಿಸಿ ಹಾಕಿದ. ರೀಸ್ಟಾರ್ಟ್ ಆದ ಮೇಲೆ ಪರದೆ ಪೂರ್ತಿ ಕಪ್ಪು. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಲೆಕ್ಕ ಹೋಯಿತಾ?

ಉತ್ತರ: ಲೆಕ್ಕ ಎಲ್ಲೂ ಹೋಗಿಲ್ಲ, ಫಾರ್ಮ್ಯಾಟ್ ಬೇಡ. ಮಗನಿಗೆ ಬೈಯಲೂ ಬೇಡಿ. ಈ ಕೆಲಸ ನಾನೂ ಮಾಡಿದ್ದೇನೆ, ಆಮೇಲೆ ಹೇಳುತ್ತೇನೆ.

ಕರ್ನಲ್ ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸ್‌ನ ತಿರುಳು. ಹೊಸ ಕರ್ನಲ್ ಹಾಕಿದಾಗ ಹಳೆಯದು ಅಳಿಸಿ ಹೋಗುವುದಿಲ್ಲ, ಪಕ್ಕದಲ್ಲೇ ಇರುತ್ತದೆ. ಕಂಪ್ಯೂಟರ್ ಆನ್ ಮಾಡಿ, ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಬೋರ್ಡ್ ಯುಇಎಫ್‌ಐ (ಯಂತ್ರ ಶುರು ಮಾಡುವ ಹೊಸ ಬಗೆಯ ವ್ಯವಸ್ಥೆ) ಆಗಿದ್ದರೆ ಶಿಫ್ಟ್ ಬದಲು ಎಸ್ಕೇಪ್ ಕೀ, ಅದೂ ಒಂದೇ ಸಲ. ಜಾಸ್ತಿ ತಟ್ಟಿದರೆ ಮೆನು ದಾಟಿ ‘ಗ್ರಬ್’ ಅನ್ನುವ ಒಂದೇ ಪದ ಬಂದು ನಿಲ್ಲುತ್ತದೆ. ಹಾಗಾದರೆ ಗಾಬರಿ ಬೇಡ, ಆಫ್ ಮಾಡಿ ಮತ್ತೆ ಶುರು ಮಾಡಿ. ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಕರ್ನಲ್‌ಗಳ ಪಟ್ಟಿ ಸಿಗುತ್ತದೆ. 5.15 ಅಂತ ಶುರುವಾಗುವ ಸಾಲು ಹುಡುಕಿ. ನಿಮ್ಮ ಮಿಂಟ್ ಬರುವಾಗಲೇ ತಂದಿದ್ದು ಅದನ್ನೇ. ‘ರಿಕವರಿ’ ಅಂತ ಬರೆದಿರದ ಸಾಲಿನ ಮೇಲೆ ಎಂಟರ್ ಒತ್ತಿ. ನಿಮ್ಮ ಡೆಸ್ಕ್‌ಟಾಪ್ ಎಂದಿನಂತೆ ಬರಬೇಕು. ಬಂದ ತಕ್ಷಣ ಮೊದಲು ಲೆಕ್ಕದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮಿಕ್ಕಿದ್ದು ಆಮೇಲೆ.

ಆಮೇಲೆ ಸಾಫ್ಟ್‌ವೇರ್ ಹಾಕುವ-ತೆಗೆಯುವ ಸಿನಾಪ್ಟಿಕ್ ತೆರೆದು, ಮಗ ಹಾಕಿದ ಕರ್ನಲ್‌ನ ನಂಬರ್ ಕೊಟ್ಟು ಹುಡುಕಿ. ಇಮೇಜ್, ಮಾಡ್ಯೂಲ್ಸ್, ಹೆಡರ್ಸ್ ಅಂತ ಮೂರ್ನಾಲ್ಕು ಸಿಗುತ್ತವೆ. ಅವನ್ನಷ್ಟೇ ತೆಗೆಯಿರಿ. ಈಗ ಓಡುತ್ತಿರುವ 5.15 ಅನ್ನು ಮಾತ್ರ ಮುಟ್ಟಬೇಡಿ.

ಯಾಕೆ ಹೀಗಾಯಿತು? ಬ್ಲೌಸ್ ಹೊಲಿಸುವ ಲೆಕ್ಕದಲ್ಲಿ ಹೇಳುತ್ತೇನೆ, ನನಗೆ ಗೊತ್ತಿರುವುದು ಅದೇ. ಕಾರ್ಡನ್ನು ನಡೆಸುವ ಎನ್‌ವಿಡಿಯಾ ಡ್ರೈವರ್ ಕರ್ನಲ್‌ನ ಒಳಗೆ ಇರುವುದಿಲ್ಲ, ಹೊರಗಿನಿಂದ ಅಳತೆಗೆ ಹೊಲಿದು ತೊಡಿಸುವಂಥದ್ದು. ಕರ್ನಲ್ ಬದಲಾದಾಗಲೆಲ್ಲ ಅಳತೆ ಬದಲಾಗುತ್ತದೆ, ಮತ್ತೆ ಹೊಲಿಯಬೇಕು. ನಿಮ್ಮ ಯಂತ್ರದೊಳಗಿನ ಟೈಲರ್ ಹೆಸರು ಡಿಕೆಎಂಎಸ್. ಹೆಡರ್ಸ್ ಅಂದೆನಲ್ಲ, ಅದು ಅಳತೆ ಚೀಟಿ. ಚೀಟಿ ಇಲ್ಲದಿದ್ದರೆ ಟೈಲರ್ ಕೈ ಕಟ್ಟಿ ಕೂರುತ್ತಾನೆ. ನಿಮ್ಮ ಜಿಟಿ 710 ಕೆಪ್ಲರ್ ಕಾಲದ ಕಾರ್ಡ್. ಅದಕ್ಕೆ ಎನ್‌ವಿಡಿಯಾ ಕೊಟ್ಟ ಕೊನೆಯ ಡ್ರೈವರ್ ಸಾಲು 470. ಅಷ್ಟು ಹಳೇ ನಮೂನೆಯನ್ನು ಇವತ್ತಿನ ಕರ್ನಲ್‌ನ ಅಳತೆಗೆ ಕೂರಿಸಲು ಹೋದರೆ ಸಾಮಾನ್ಯವಾಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಕಪ್ಪು ಪರದೆಗೆ ಕಾರಣ ಇದೇ ಅಂತ ನನ್ನ ಗುಮಾನಿ.

ಮಿಂಟ್ ತನ್ನ ರೆಪೊಸಿಟರಿಯಲ್ಲಿ, ಅಂದರೆ ಸಾಫ್ಟ್‌ವೇರ್ ಕಣಜದಲ್ಲಿ, ಕೊಡುವ ಕರ್ನಲ್ ಮತ್ತು ಡ್ರೈವರ್ ಅದರ ಮೂಲವಾದ ಉಬುಂಟುವಿನ ಕಣಜದಿಂದ ಬರುತ್ತವೆ. ಒಂದಕ್ಕೊಂದು ಹೊಂದುತ್ತವೆಯೇ ಅಂತ ಅಲ್ಲಿ ನೋಡಿರುತ್ತಾರೆ. ಮಗ ಇಳಿಸಿದ್ದು ಬಹುಶಃ ಉಬುಂಟುವಿನವರೇ ಪರೀಕ್ಷೆಗೆಂದು ಇಡುವ ‘ಮೇನ್‌ಲೈನ್’ ಕರ್ನಲ್. ಅದು ದಿನನಿತ್ಯದ ಬಳಕೆಗೆ ಇಟ್ಟಿದ್ದಲ್ಲ. ಅದಕ್ಕೆ ಭದ್ರತಾ ಅಪ್‌ಡೇಟ್ ಕೂಡ ತಾನಾಗಿ ಬರುವುದಿಲ್ಲ. ಇನ್ನು ಸ್ಪೀಡ್ ವಿಷಯ. ಹಳೇ ಯಂತ್ರಕ್ಕೆ ಸ್ಪೀಡ್ ಬೇಕಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ನಿಮ್ಮ 5.15ಕ್ಕೆ 2027ರವರೆಗೆ ಅಪ್‌ಡೇಟ್ ಬರುತ್ತದೆ, ಕೂಲಿ ಲೆಕ್ಕಕ್ಕೆ ಅದು ಧಾರಾಳ.

ಈಗ ನನ್ನ ಕಥೆ. 2014ರಲ್ಲಿ ತುಮಕೂರಿನ ಒಂದು ಕಾಲೇಜಿನ ಲ್ಯಾಬ್ ನನ್ನ ಸುಪರ್ದಿಯಲ್ಲಿತ್ತು, 24 ಯಂತ್ರ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಅದೇನು ಉಮೇದು ಬಂತೋ, ಯಾರೋ ಒಬ್ಬರು ನಡೆಸುವ ಪಿಪಿಎ ಸೇರಿಸಿ ಎಲ್ಲಕ್ಕೂ ಹೊಸ ಕರ್ನಲ್ ಹಾಕಿದೆ. ಪಿಪಿಎ ಅಂದರೆ ಯಾರು ಬೇಕಾದರೂ ತೆರೆಯಬಹುದಾದ ಸ್ವಂತ ರೆಪೊಸಿಟರಿ. ಕ್ಯಾತ್ಸಂದ್ರದ ಬಸ್ಸಿಗೆ ಹೊತ್ತಾಯಿತು ಅಂತ ಒಂದನ್ನೂ ರೀಸ್ಟಾರ್ಟ್ ಮಾಡಿ ನೋಡದೆ ಹೊರಟೆ. ಬೆಳಗ್ಗೆ ಬಂದರೆ 11 ಯಂತ್ರ ಕಪ್ಪು. ಬಾಗಿಲಲ್ಲಿ ಹಾಲ್‌ಟಿಕೆಟ್ ಹಿಡಿದ ಮಕ್ಕಳು, ಹೊರಗಿನಿಂದ ಬಂದ ಪರೀಕ್ಷಕರು. ಆ 11ರಲ್ಲೂ ಎನ್‌ವಿಡಿಯಾ ಕಾರ್ಡ್ ಇತ್ತು. ಉಳಿದ 13 ಇಂಟೆಲ್ ಗ್ರಾಫಿಕ್ಸ್, ಅದರ ಡ್ರೈವರ್ ಕರ್ನಲ್ ಒಳಗೇ ಇರುವುದರಿಂದ ಅವಕ್ಕೆ ಏನೂ ಆಗಿರಲಿಲ್ಲ. ಒಂದೊಂದರ ಮುಂದೆಯೂ ಶಿಫ್ಟ್ ಹಿಡಿದು ಕೂತು ಹಳೇ ಕರ್ನಲ್‌ಗೆ ಮರಳಿಸಿದೆ. ಪರೀಕ್ಷೆ ಒಂದೂವರೆ ಗಂಟೆ ತಡ. ಪರೀಕ್ಷಕರಿಗೆ ಎರಡು ಸಲ ಕಾಫಿ ತರಿಸಿದೆ, ನನ್ನದೇ ದುಡ್ಡಲ್ಲಿ.

ಪ್ರಶ್ನೆ: ತಿಪಟೂರಿನಲ್ಲಿ ಬಿಸಿಎ ಓದುತ್ತಿದ್ದೇನೆ. ಮಿಂಟ್ 21ಕ್ಕೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದರೆ ಏನೂ ಆಗುತ್ತಿಲ್ಲ. ಡ್ರೈವರ್ ಇಳಿಸೋಣ ಅಂದರೆ ನೆಟ್ಟೇ ಇಲ್ಲ!

ಉತ್ತರ: ಮೊದಲು ನೆಟ್. ಫೋನನ್ನು ಚಾರ್ಜರ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಡ್ರೈವರ್ ಹಾಕದೆಯೇ ನೆಟ್ ಬರುತ್ತದೆ.

ಇನ್ನು ಡಾಂಗಲ್. ಫೈಲ್ ಮ್ಯಾನೇಜರ್‌ನಲ್ಲಿ ಒಂದು ಸಿಡಿ ಕಾಣಿಸುತ್ತಾ ನೋಡಿ. ಕೆಲವು ಡಾಂಗಲ್‌ಗಳು ವಿಂಡೋಸ್ ಡ್ರೈವರ್ ಇಟ್ಟುಕೊಂಡು ಮೊದಲು ಸಿಡಿಯ ವೇಷದಲ್ಲಿ ಬರುತ್ತವೆ. ಅದನ್ನು ಎಜೆಕ್ಟ್ ಮಾಡಿದರೆ ವೇಷ ಕಳಚಿ ವೈಫೈ ಆಗುತ್ತವೆ. ಆಮೇಲೆ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟು ಚಿಪ್ ಯಾವುದು ನೋಡಿ. ಪೆಟ್ಟಿಗೆ ಮೇಲಿನ ಹೆಸರು ನಂಬಬೇಡಿ, ಒಂದೇ ಹೆಸರಲ್ಲಿ ಬೇರೆ ಬೇರೆ ಚಿಪ್ ಬರುತ್ತವೆ. ರಿಯಲ್‌ಟೆಕ್ 8821ಸಿಯು ಅಥವಾ 8822ಬಿಯು ಆಗಿದ್ದರೆ, ಅವುಗಳ ಡ್ರೈವರ್ ಕರ್ನಲ್ ಒಳಗೆ ಸೇರಿದ್ದೇ 6.2ರಲ್ಲಿ. 5.15ರಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಶಿಡ್ಲಘಟ್ಟದವರಿಗೆ ಬೇಡ ಅಂದಿದ್ದನ್ನು ನಿಮಗೆ ಹಾಕಿ ಅನ್ನುತ್ತೇನೆ, ಯಾಕೆಂದರೆ ನಿಮಗೆ ಅದರಿಂದ ಕೆಲಸವಿದೆ. ಅಪ್‌ಡೇಟ್ ಮ್ಯಾನೇಜರ್‌ನ ‘ವ್ಯೂ’ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ಇದೆ. ಅಲ್ಲಿಂದ 6.8 ಆರಿಸಿ. ಅದಕ್ಕೆ ಮುಂಚೆ, ಕೆಟ್ಟರೆ ಸಿಸ್ಟಂ ಇದ್ದ ಹಾಗೆ ಮರಳಿಸಲು, ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನಾಪ್‌ಶಾಟ್ ತೆಗೆದಿಡಿ, ಹತ್ತು ನಿಮಿಷದ ಕೆಲಸ. 5.15 ಇರಲಿ ಬಿಡಿ, ಅನ್ನ ಕೇಳುತ್ತಾ?

ಪ್ರಶ್ನೆ: ಬಂಗಾರಪೇಟೆಯಿಂದ ಬರೆಯುತ್ತಿದ್ದೇನೆ. ವಿಂಡೋಸ್ ಪಕ್ಕದಲ್ಲಿ ಉಬುಂಟು ಇದೆ. ಎನ್‌ವಿಡಿಯಾ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬಂತು, ಹೆದರಿ ಆಫ್ ಮಾಡಿದೆ. ಈಗ ಡ್ರೈವರ್ ಕೆಲಸ ಮಾಡುತ್ತಿಲ್ಲ.

ಉತ್ತರ: ವಿಂಡೋಸ್‌ನ ನೀಲಿ ಪರದೆ ನೋಡಿ ನೋಡಿ ನಮಗೆಲ್ಲ ನೀಲಿ ಕಂಡರೇ ಭಯ, ಅಲ್ವಾ? ಇದು ಅದಲ್ಲ. ಸೆಕ್ಯೂರ್ ಬೂಟ್ ಅನ್ನುವ ಕಾವಲುಗಾರ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರವೇ ಸಹಿ ಹಾಕಿಕೊಂಡಿದೆ, ಆ ಸಹಿಯನ್ನು ಒಪ್ಪಿಕೊಳ್ಳಬೇಕೇ ಅಂತ ನಿಮ್ಮನ್ನು ಕೇಳಿದ್ದು ಅಷ್ಟೇ. ಡ್ರೈವರ್ ತೆಗೆದು, ‘ಅಡಿಷನಲ್ ಡ್ರೈವರ್ಸ್’ನಿಂದ ಮತ್ತೆ ಹಾಕಿ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಲಿ, ಚೀಟಿಯಲ್ಲಿ ಬರೆದಿಡಿ. ಈ ಸಲ ನೀಲಿ ಪರದೆ ಬಂದಾಗ ಪಕ್ಕದಲ್ಲೇ ಕೂತಿರಿ, 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತದಿದ್ದರೆ ಅದು ಹೊರಟುಹೋಗುತ್ತದೆ. ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಯೆಸ್’, ಆಮೇಲೆ ಅದೇ ಪಾಸ್‌ವರ್ಡ್. ಟೈಪ್ ಮಾಡುವಾಗ ಚುಕ್ಕೆಯೂ ಕಾಣದಿರಬಹುದು, ಸುಮ್ನೆ ಒತ್ತುತ್ತಾ ಹೋಗಿ.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅನ್ನುವ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಹಾಗೆ ಮಾಡಿದಾಗ ಅದು 48 ಅಂಕಿಯ ರಿಕವರಿ ಕೀ ಕೇಳಿ ಕೂರಬಹುದು. ಆ ಕೀ ಎಲ್ಲಿಟ್ಟಿದ್ದೀರಿ ಅಂತ ಮೊದಲು ಹುಡುಕಿಕೊಳ್ಳಿ.